ಲೀಚ್ ಲೇಕಿನ ಮಸ್ಕಿ ಮತ್ತು ನನ್ನ ಸೋನಾರ್

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಮೂರೂವರೆ ಗಂಟೆ ಕಾರು ಓಡಿಸಿದರೆ ಲೀಚ್ ಲೇಕ್ ಸಿಗುತ್ತದೆ. ಜಿಗಣೆ ಕೆರೆ ಅಂತ ಅರ್ಥ. ನಾನು ಕೊಪ್ಪದ ಕಡೆಯವನು, ಉಂಬಳ ಕಚ್ಚಿಸಿಕೊಂಡೇ ಬೆಳೆದವನು. ಹೆಸರು ಕೇಳಿದ ದಿನವೇ ಆ ಊರು ಏನೋ ಹತ್ತಿರದ್ದು ಅನಿಸಿತ್ತು. ಕೆರೆ ಅಂದರೂ ಅದು ಒಂದು ಲಕ್ಷ ಎಕರೆಗೂ ಜಾಸ್ತಿ ನೀರು. ವಾಕರ್ ಬೇ ಅನ್ನುವ ಭಾಗದಲ್ಲಿ ಆಳ 150 ಅಡಿ ಹತ್ತಿರ. ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ನೆಲ ಅದು. ನಾನು ಹಿಡಿಯಲು ಹೋಗುವ ದೊಡ್ಡ ಬೇಟೆಗಾರ ಮೀನಿನ ಮಸ್ಕಿ ಅನ್ನುವ ಹೆಸರಿನ ಮೂಲವೂ ಅವರ ಮಾತೇ. ಪೈಕ್ ಮೀನಿಗೆ ಅವರು ಗಿನೋಜೆ ಅನ್ನುತ್ತಾರೆ, ಮಸ್ಕಿಗೆ ಮಾಶ್ಕಿನೋಜೆ.

ಪೈಕ್, ಮಸ್ಕಿ ಎರಡೂ ಒಂದೇ ಕುಲದವು. ಉದ್ದ ಮೈ, ಬಾತುಕೋಳಿ ಕೊಕ್ಕಿನಂಥ ಮೂತಿ, ಬಾಯಿ ತುಂಬ ಹಲ್ಲು. ಶುರುವಿನಲ್ಲಿ ನನಗೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಪೈಕ್‌ಗೆ ಕಪ್ಪು ಮೈ ಮೇಲೆ ತಿಳಿ ಚುಕ್ಕೆ. ಮಸ್ಕಿಗೆ ತಿಳಿ ಮೈ ಮೇಲೆ ಕಪ್ಪು ಗುರುತು. ಅನುಮಾನ ಬಂದರೆ ಕೆಳದವಡೆ ತಿರುಗಿಸಿ ಸಣ್ಣ ತೂತು ಎಣಿಸಬೇಕು. ಒಂದೊಂದು ಪಕ್ಕಕ್ಕೆ ಐದು ಅಥವಾ ಕಡಿಮೆ ಇದ್ದರೆ ಪೈಕ್, ಆರು ಅಥವಾ ಜಾಸ್ತಿ ಇದ್ದರೆ ಮಸ್ಕಿ. ಈ ವ್ಯತ್ಯಾಸ ಗೊತ್ತಿರಲೇಬೇಕು, ಯಾಕೆಂದರೆ ಎರಡಕ್ಕೂ ಕಾನೂನು ಬೇರೆ. ಮಿನ್ನೆಸೋಟದ ಹೆಚ್ಚಿನ ಸರೋವರಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ.

ಮಸ್ಕಿಯನ್ನು ಇಲ್ಲಿನವರು ಹತ್ತು ಸಾವಿರ ಎಸೆತದ ಮೀನು ಅನ್ನುತ್ತಾರೆ. ನನ್ನ ಮೊದಲ ಮೂರು ಬೇಸಿಗೆ ಅದನ್ನೇ ಕಲಿಸಿದವು. ಒಂಬತ್ತಡಿ ಗಾಳದ ಕೋಲು, 80 ಪೌಂಡ್ ತಡೆಯುವ ಹೆಣೆದ ದಾರ, ಹಲ್ಲಿಗೆ ಸಿಕ್ಕರೂ ಕಡಿಯದ ಹಾಗೆ ತುದಿಯಲ್ಲಿ ಉಕ್ಕಿನ ತಂತಿ. ಅಂಗೈಗಿಂತ ಉದ್ದದ ಲೂರ್, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಎರೆ, ಕಟ್ಟಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಎಸೆಯುವುದು, ಎಳೆಯುವುದು. ಲೂರ್ ದೋಣಿ ಹತ್ತಿರ ಬಂದಾಗ ಮೇಲೆತ್ತಬಾರದು. ಕೋಲಿನ ತುದಿ ನೀರಲ್ಲಿ ಮುಳುಗಿಸಿ ಇಂಗ್ಲಿಷ್ 8ರ ಆಕಾರದಲ್ಲಿ ತಿರುಗಿಸಬೇಕು. ಮಸ್ಕಿ ಹಿಂದೆಯೇ ಬಂದು ದೋಣಿ ಪಕ್ಕದಲ್ಲೇ ಲೂರ್ ಕಚ್ಚುವುದುಂಟು. ನನ್ನ ಮೊದಲ ಮಸ್ಕಿ ಕಚ್ಚಿದ್ದೂ ಹಾಗೇ. 38 ಇಂಚು. ಕೈ ಇಡೀ ಸಂಜೆ ನಡುಗುತ್ತಿತ್ತು.

ಆಗ ದೋಣಿಯಲ್ಲಿದ್ದದ್ದು ಹಳೇ ಥರದ ಸೋನಾರ್. ದೋಣಿ ತಳದಿಂದ ಶಬ್ದ ಕಳಿಸುತ್ತದೆ, ವಾಪಸ್ ಬಂದದ್ದನ್ನು ಚಿತ್ರ ಮಾಡುತ್ತದೆ. ಎಷ್ಟು ಆಳ, ತಳ ಗಟ್ಟಿಯೋ ಕೆಸರೋ, ಪಾಚಿ ಎಲ್ಲಿ ಮುಗಿಯುತ್ತದೆ, ಇಷ್ಟು ಹೇಳುತ್ತದೆ. ಪರದೆಯಲ್ಲಿ ಮೀನು ಕಂಡರೂ ಅದು ಆಗಲೇ ದೋಣಿ ಕೆಳಗೆ ದಾಟಿ ಹೋದ ಮೀನು. 2018ರಲ್ಲಿ ಗಾರ್ಮಿನ್ ಕಂಪನಿಯವರ ಲೈವ್‌ಸ್ಕೋಪ್ ಅನ್ನುವ ಹೊಸ ಥರದ ಸೋನಾರ್ ಬಂತು. ಆಮೇಲೆ ಬೇರೆ ಕಂಪನಿಗಳೂ ತಂದವು. ಇದು ಮುಂದಕ್ಕೆ ನೋಡುತ್ತದೆ. ದೋಣಿಯನ್ನು ನಿಧಾನಕ್ಕೆ ನಡೆಸುವ ಚಿಕ್ಕ ಟ್ರೋಲಿಂಗ್ ಮೋಟರಿನ ಕಂಬಕ್ಕೆ ಕಟ್ಟಿ ಯಾವ ಕಡೆ ತಿರುಗಿಸಿದರೆ ಆ ಕಡೆ, ಈ ಕ್ಷಣ ಏನಾಗುತ್ತಿದೆಯೋ ಅದು ಕಾಣುತ್ತದೆ. ಮಸ್ಕಿಯಾದರೆ ಎಂಬತ್ತು ಅಡಿ ದೂರದಲ್ಲೂ ಹೊಳೆಯುವ ಗೆರೆಯಂತೆ ಕಾಣುತ್ತದೆ. ನಾನು ಎಸೆದ ಲೂರ್ ಬೀಳುವುದು, ಗೆರೆ ಅದರ ಕಡೆ ತಿರುಗುವುದು, ಹಿಂಬಾಲಿಸುವುದು, ಬೇಡವೆಂದು ಬಿಟ್ಟು ಹೋಗುವುದು, ಎಲ್ಲ ಕಣ್ಣೆದುರೇ.

ನಾನು ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಮೊದಲ ತಿಂಗಳು ಗಾಳಕ್ಕಿಂತ ಪರದೆಯನ್ನೇ ಜಾಸ್ತಿ ನೋಡಿದೆ. ಮೂರು ವರ್ಷದಲ್ಲಿ ಕಲಿಯದ್ದನ್ನು ಮೂರು ವಾರದಲ್ಲಿ ಕಲಿತೆ. ಇಲ್ಲಿ ಮೀನಿಲ್ಲ ಅಂದುಕೊಂಡಿದ್ದ ಜಾಗಗಳಲ್ಲಿ ಮೀನಿತ್ತು, ಕಚ್ಚುತ್ತಿರಲಿಲ್ಲ ಅಷ್ಟೇ. ಮುಖ್ಯವಾಗಿ, ಪಾಚಿಯಂಚು ಬಿಟ್ಟು ನಡುನೀರಿನಲ್ಲೂ ಮಸ್ಕಿ ಇವೆ ಅಂತ ಗೊತ್ತಾಯಿತು. ಟುಲಿಬೀ ಅನ್ನುವ ಬೆಳ್ಳಿ ಬಣ್ಣದ ಮೀನುಗಳ ಹಿಂಡು ಮೋಡದಂತೆ ಕಾಣುತ್ತದೆ. ಅದರ ಪಕ್ಕ, ಸ್ವಲ್ಪ ಕೆಳಗೆ, ಒಂದೇ ಒಂದು ಉದ್ದ ಗೆರೆ ಅಲ್ಲಾಡದೆ ನಿಂತಿರುತ್ತದೆ.

ಅಂಥ ಗೆರೆಯೊಂದು ಜುಲೈ ಕೊನೆಯಲ್ಲಿ ವಾಕರ್ ಬೇಯಲ್ಲಿ ಕಂಡಿತು. ಕೆಳಗೆ 90 ಅಡಿ ನೀರು, ಮೀನು 30 ಅಡಿಯಲ್ಲಿ. ಜೊತೆಗಿದ್ದ ಮಂಡ್ಯದ ಗೆಳೆಯ ಪರದೆಗೆ ಬೆರಳಿಟ್ಟು, "ಕಾಣ್ತಾ ಐತಲ್ಲ ಗುರು, ಎಸಿ" ಅಂದ. ಭಾರದ ರಬ್ಬರ್ ಲೂರ್ ಎಸೆದೆ. ಅದು ಇಳಿಯುವುದನ್ನು ಎಣಿಸುತ್ತಾ ಕೂತೆವು. ಗೆರೆ ಮೇಲೆ ಬಂತು, ಎರಡು ಗೆರೆ ಸೇರಿ ಒಂದಾಯಿತು, ಕೋಲು ಬಾಗಿತು.

47 ಇಂಚು. ಬಲೆಗೆ ಬರುವಾಗ ಮೀನು ತುಂಬ ದಣಿದಿತ್ತು. ಕೊಕ್ಕೆ ಗಂಟಲ ಹತ್ತಿರ ಸಿಕ್ಕಿಕೊಂಡಿತ್ತು. ತಂತಿ ಕತ್ತರಿಸುವ ಇಕ್ಕುಳ ಮುಂದಿನ ಪೆಟ್ಟಿಗೆಯಲ್ಲಿತ್ತು, ತೆಗೆಯಲು ಹೊತ್ತಾಯಿತು. ಆಮೇಲೆ ಎರಡು ಫೋಟೊ. ನೀರಿಗೆ ಬಿಟ್ಟರೆ ಪಕ್ಕಕ್ಕೆ ಮಗುಚಿತು. ಬಾಲದ ಬುಡ ಹಿಡಿದು ನೆಟ್ಟಗೆ ನಿಲ್ಲಿಸಿಕೊಂಡು ನಲವತ್ತು ನಿಮಿಷ ಕೂತೆ. ಕಿವಿರು ಆಡುವುದು ನಿಧಾನವಾಯಿತು, ಆಮೇಲೆ ನಿಂತಿತು. 54 ಇಂಚಿಲ್ಲದ ಮೀನು, ಸತ್ತರೂ ಮನೆಗೆ ತರುವ ಹಾಗಿಲ್ಲ. ಅಲ್ಲೇ ಬಿಟ್ಟು ಬಂದೆವು. ದಡದ ಪೈನ್ ಮರದಿಂದ ಹದ್ದೊಂದು ಎದ್ದದ್ದು ಕಾಣಿಸಿತು. ಊರು ಮುಟ್ಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಅದು ಯಾಕೆ ಸತ್ತಿತು ಅಂತ ಅರ್ಥ ಮಾಡಿಕೊಳ್ಳಲು ನನಗೆ ಒಂದು ಚಳಿಗಾಲ ಬೇಕಾಯಿತು. ಬೇಸಿಗೆಯಲ್ಲಿ ಆಳದ ಸರೋವರ ಎರಡು ಪದರ ಆಗುತ್ತದೆ. ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣಗಿನದು. ಆ ದಿನ ಮೇಲ್ನೀರು 79 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 26 ಸೆಲ್ಸಿಯಸ್. ತಂಪಲ್ಲಿ ನಿಂತಿದ್ದ ಮೀನನ್ನು ನಾನು ಬಿಸಿಗೆ ಎಳೆದು, ಅದು ಸಾಯುವಷ್ಟು ದಣಿಯುವವರೆಗೆ ಕಾದಾಡಿಸಿದೆ. ಬೆಚ್ಚಗಿನ ನೀರಲ್ಲಿ ಆಮ್ಲಜನಕವೂ ಕಡಿಮೆ. ಮಸ್ಕಿಗೆ ಗಾಳಿಚೀಲದಿಂದ ಗಂಟಲಿಗೆ ಒಂದು ಕೊಳವೆ ಇದೆ, ಹಾಗಾಗಿ ಆಳದಿಂದ ಮೇಲೆಳೆದಾಗ ವಾಲೈ ಮೀನಿನಷ್ಟು ಸುಲಭವಾಗಿ ಒಳಗಿನ ಗಾಳಿಗೆ ಹೊಟ್ಟೆ ಉಬ್ಬುವುದಿಲ್ಲ. ಅದನ್ನೇ ನಂಬಿ ಆಳದಿಂದ ಎಳೆದರೂ ಪರವಾಗಿಲ್ಲ ಅಂದುಕೊಂಡಿದ್ದೆ. ಉಬ್ಬದಿದ್ದರೇನು, ದಣಿವೇ ಕೊಂದಿತು. ಚೆನ್ನಾಗಿ ಈಜಿಕೊಂಡು ಹೋದ ಮೀನು ಕೂಡ ಆಮೇಲೆ ಸಾಯಬಹುದು.

ಮಸ್ಕಿ ಪ್ರತಿ ಕೆರೆಯಲ್ಲೂ ತುಂಬಿ ತುಳುಕುವ ಮೀನಲ್ಲ. ಎರಡು ಮೂರು ಎಕರೆಗೆ ಒಂದು ದೊಡ್ಡದಿದ್ದರೆ ಅದೇ ಒಳ್ಳೆಯ ಸರೋವರ. ಹೆಣ್ಣು ಮೀನು 50 ಇಂಚು ಮುಟ್ಟಲು ಹತ್ತು ಹದಿನೈದು ವರ್ಷ ಬೇಕು. ಇಷ್ಟು ಕಾಲ ಆ ನಡುನೀರು ಅವಕ್ಕೆ ಅಡಗುವ ಜಾಗವಾಗಿತ್ತು. ಅಲ್ಲಿ ಎಲ್ಲಿ ಎಸೆಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ನನ್ನಂಥವನಿಗೂ ಗೊತ್ತಾಗುತ್ತದೆ. ಸೋನಾರ್‌ಗೆ ಕಡಿವಾಣ ಹಾಕಬೇಕೋ ಬೇಡವೋ ಅಂತ ಇಲ್ಲಿ ದೊಡ್ಡ ಚರ್ಚೆ ನಡೆದಿದೆ. ಬಾಸ್ ಮೀನಿನ ಕೆಲವು ಪಂದ್ಯಗಳಲ್ಲಿ ಮಿತಿ ಹಾಕಿದ್ದಾರೆ. ಬೇಸಿಗೆಯ ಆಳದ ಮೀನಿನ ವಿಷಯದಲ್ಲಾದರೂ ಮಿತಿ ಬೇಕು ಅನ್ನುವುದು ನನ್ನ ಅಭಿಪ್ರಾಯ. ಅದು ಬರುವವರೆಗೆ ಸುಮ್ನೆ ಕಾಯಲು ಮನಸ್ಸಾಗಲಿಲ್ಲ. ನನ್ನ ದೋಣಿಗೆ ನಾನೇ ಮಿತಿ ಹಾಕಿಕೊಂಡೆ.

ಬೇಸಿಗೆಯಲ್ಲಿ 15 ಅಡಿಗಿಂತ ಕೆಳಗಿರುವ ಮಸ್ಕಿಗೆ ಎಸೆಯುವುದಿಲ್ಲ. ಪರದೆಯಲ್ಲಿ ನೋಡಿ ಖುಷಿಪಟ್ಟು ಮುಂದೆ ಹೋಗುತ್ತೇನೆ. ಮಸ್ಕಿ ಹಿಡಿಯುವವರು ಸಾಮಾನ್ಯವಾಗಿ ಮೇಲ್ನೀರು 80 ಡಿಗ್ರಿ ಮುಟ್ಟಿದರೆ ನಿಲ್ಲಿಸುತ್ತಾರೆ, ನಾನು 78ಕ್ಕೇ ಕೋಲು ಒಳಗಿಡುತ್ತೇನೆ. ಮೊದಲ ಎಸೆತಕ್ಕೆ ಮುಂಚೆ ಇಕ್ಕುಳ, ಕೊಕ್ಕೆ ಕತ್ತರಿಸುವ ಸಾಧನ, ಅಳತೆ ಪಟ್ಟಿ ಕೈಗೆ ಸಿಗುವ ಕಡೆ ಇರಬೇಕು. ಬಲೆ ದೊಡ್ಡದು, ರಬ್ಬರ್ ಬಳಿದದ್ದು. ಮೀನು ಬಲೆಯೊಳಗೆ ನೀರಲ್ಲೇ ಇರುತ್ತದೆ, ಕೊಕ್ಕೆಯನ್ನು ಅಲ್ಲೇ ಕತ್ತರಿಸುತ್ತೇನೆ. ಒಂದು ಕೊಕ್ಕೆಯ ಬೆಲೆ ಎಷ್ಟು ಮಹಾ? ಫೋಟೊ ಬೇಕಾದರೆ ಒಂದೇ, ಹೊಟ್ಟೆಗೆ ಕೈ ಕೊಟ್ಟು ಅಡ್ಡಲಾಗಿ ಹಿಡಿದು, ಉಸಿರು ಕಟ್ಟಿ ಹತ್ತು ಎಣಿಸುವುದರೊಳಗೆ. ಹಿಡಿದು ಬಿಡುವ ಈ ಅಭ್ಯಾಸವನ್ನು ಹಬ್ಬಿಸಿದ್ದರಲ್ಲಿ 1966ರಲ್ಲಿ ಶುರುವಾದ ಮಸ್ಕೀಸ್ ಇಂಕ್ ಸಂಘದ ಪಾಲು ದೊಡ್ಡದು. ಅದರ ಸದಸ್ಯರು ಬಿಟ್ಟ ಮೀನಿನ ಅಳತೆ ಬರೆದಿಡುತ್ತಾರೆ. ನಾನೂ ಬರೆಯುತ್ತೇನೆ.

ಪೈಕ್ ವಿಷಯ ಬೇರೆ. ಅದನ್ನು ನಾವು ತಿನ್ನುತ್ತೇವೆ. 2018ರಿಂದ ಮಿನ್ನೆಸೋಟವನ್ನು ಪೈಕ್‌ಗಾಗಿ ಮೂರು ವಲಯ ಮಾಡಿದ್ದಾರೆ. ಚಿಕ್ಕ ಪೈಕ್ ಹೆಚ್ಚಾಗಿರುವ ಉತ್ತರ-ಮಧ್ಯ ವಲಯದಲ್ಲಿ ಹತ್ತು ಇಟ್ಟುಕೊಳ್ಳಬಹುದು, ಆದರೆ 22ರಿಂದ 26 ಇಂಚಿನವನ್ನು ಬಿಡಲೇಬೇಕು, 26 ದಾಟಿದ್ದು ಎರಡಕ್ಕಿಂತ ಜಾಸ್ತಿ ಇರಬಾರದು. ಚಿಕ್ಕವನ್ನು ತೆಗೆದು ದೊಡ್ಡವನ್ನು ಉಳಿಸುವ ಲೆಕ್ಕ. ಇಪ್ಪತ್ತು ಇಂಚಿನದು ಸಾರಿಗೆ ಬಲು ರುಚಿ. ಕವಲು ಮುಳ್ಳು ಜಾಸ್ತಿ, ತಾಳ್ಮೆಯಿಂದ ಬಿಡಿಸಬೇಕು.

ಮಂಜುಗಡ್ಡೆ ಕರಗಿದ ಕೂಡಲೇ ಪೈಕ್ ಮೊಟ್ಟೆಯಿಡಲು ದಡದ ಹುಲ್ಲು ಮುಳುಗಿದ ತೆಳು ನೀರಿಗೆ ಏರಿ ಬರುತ್ತದೆ. ಮೊದಲ ಸಲ ನೋಡಿದಾಗ ಬಾಯಿಂದ "ಹತ್ತುಮೀನು!" ಅಂತ ಬಂತು. ಮುಂಗಾರಿನ ಮೊದಲ ನೆರೆಗೆ ನಮ್ಮ ಗದ್ದೆಗೂ ಮೀನು ಹೀಗೇ ಹತ್ತುತ್ತಿದ್ದವು, ಅಲ್ವಾ? ಟಾರ್ಚ್, ಕತ್ತಿ ಹಿಡಿದು ಅಪ್ಪನ ಹಿಂದೆ ನಾನೂ ಹೋಗಿದ್ದೇನೆ. ಮೊಟ್ಟೆ ತುಂಬಿದ ಮೀನನ್ನೇ ಕಡಿದು ತಂದಿದ್ದೇವೆ. ಅದೇ ನಾವು ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದೆವು. ಇಲ್ಲಿ ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ ಒಳನಾಡಿನ ಸರೋವರಗಳಲ್ಲಿ ಪೈಕ್ ಹಿಡಿಯುವಂತಿಲ್ಲ. ಆದರೆ ಕಾನೂನು ಮೀನನ್ನು ಕಾಯಬಹುದು, ಹುಲ್ಲೇ ಇಲ್ಲದಿದ್ದರೆ ಮೊಟ್ಟೆ ಎಲ್ಲಿಡಬೇಕು? ಮನೆ ಮುಂದೆ ಮರಳು ದಡ ಬೇಕೆಂದು ಜೊಂಡು ಕೀಳುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ನೀರು 62 ಡಿಗ್ರಿಗೆ ಇಳಿದಿತ್ತು. ಅದೇ ಗೆಳೆಯ ಜೊತೆಗಿದ್ದ. ಪಾಚಿಯಂಚಿನಲ್ಲಿ, ಒಂಬತ್ತಡಿ ನೀರಲ್ಲಿ, ಅವನ ಲೂರ್ ಹಿಂದೆ ಬಂದ ಮಸ್ಕಿ ದೋಣಿ ಪಕ್ಕದ ಎರಡನೇ ತಿರುವಿನಲ್ಲಿ ಕಚ್ಚಿತು. 49 ಇಂಚು. ಕೊಕ್ಕೆ ಎರಡು ಕಡೆ ಕತ್ತರಿಸಿದೆ. ಫೋಟೊ ಬೇಡ ಅಂದ ಅವನೇ. ಬಲೆ ಬಗ್ಗಿಸಿದೆವು. ಮೀನು ಒಂದು ಕ್ಷಣ ಅಲ್ಲೇ ನಿಂತು, ಬಾಲ ಬೀಸಿ ಕತ್ತಲ ನೀರಿಗೆ ಇಳಿಯಿತು. ನಾನು ಸೋನಾರನ್ನು ಆ ಕಡೆ ತಿರುಗಿಸಿದೆ. ಗೆರೆ ಮಗುಚದೆ ನೆಟ್ಟಗೆ ಹೋಗುತ್ತಿತ್ತು. ಇಪ್ಪತ್ತಡಿ, ನಲವತ್ತಡಿ, ಅರವತ್ತಡಿ. "ಇನ್ನೂ ಕಾಣ್ತಾ ಐತಾ?" ಅಂತ ಅವನು ಕೇಳುತ್ತಲೇ ಇದ್ದ. ಪರದೆಯ ಅಂಚು ದಾಟುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.