ಪ್ಲಾಸ್ಟಿಕ್ ಕೋಟು ಬಿಚ್ಚಿಸಿದ ಮೇಲೆ

ಶ್ರೀನಿವಾಸಪುರದ ಹತ್ತಿರ ನಮ್ಮದು ಕಾಲು ಎಕರೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ. ದೊಣ್ಣೆಮೆಣಸಿನಕಾಯಿ ಇಡುತ್ತೇವೆ. ಬೇಸಿಗೆಯಲ್ಲಿ ನುಸಿ, ಥ್ರಿಪ್ಸ್ ಕಾಟ ಜಾಸ್ತಿ. ಔಷಧಿ ಹೊಡೆಯದೆ ಆಗೋದಿಲ್ಲ.

ಹುಡುಗರ ಮೈಗೆ ವಿಷ ತಾಗಬಾರದು ಅಂತ ನಾನೇ ದಪ್ಪ ಪ್ಲಾಸ್ಟಿಕ್ ಕೋಟು, ಪ್ಯಾಂಟು ತಂದುಕೊಟ್ಟಿದ್ದೆ. ಏಪ್ರಿಲ್‌ನ ಒಂದು ದಿನ, 11 ಗಂಟೆ ಹೊತ್ತು. ಒಳಗೆ ಥರ್ಮಾಮೀಟರ್ 41 ತೋರಿಸುತ್ತಿತ್ತು. 16 ಲೀಟರ್ ಪಂಪು ಹೊತ್ತು ಸಾಲಿನ ತುದಿಗೆ ಹೋದ ಹುಡುಗ ವಾಪಸ್ ಬರಲೇ ಇಲ್ಲ. ಹೋಗಿ ನೋಡಿದರೆ ಕಂಬ ಹಿಡಿದು ಕೂತಿದ್ದಾನೆ, ವಾಂತಿ ಬೇರೆ. ಹುಣಸೆ ಮರದ ನೆರಳಿಗೆ ಎಳೆದು ತಂದು ಗಂಬೂಟು ಬಿಚ್ಚಿ ಬಗ್ಗಿಸಿದೆ. ಅರ್ಧ ಲೋಟ ಬೆವರು ಸುರಿಯಿತು. ಔಷಧಿಯೇ ಒಳಗೆ ಹೋಗಿದೆಯೇನೋ ಅಂತ ಮೂಸಿ ನೋಡಿದೆ. ಬರೀ ಬೆವರು.

ಬಿಸಿಲೋ, ವಿಷವೋ? ತಲೆನೋವು, ವಾಂತಿ, ಬೆವರು ಎರಡಕ್ಕೂ ಬರುತ್ತೆ. ಮೈಗೆಲ್ಲ ಸೋಪು ಹಾಕಿ ತೊಳೆದು, ಔಷಧಿ ಡಬ್ಬಿ ಸಮೇತ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕಣ್ಣಿಗೆ ಟಾರ್ಚು ಬಿಟ್ಟು ಪಾಪೆ ನೋಡಿದರು. ಕೆಲವು ಔಷಧಿಗಳ ವಿಷ ಏರಿದರೆ ಪಾಪೆ ಸೂಜಿಮೊನೆಯಷ್ಟಾಗುತ್ತಂತೆ. ಇವನದು ಸರಿಯಿತ್ತು. ಕಾವೇ ಕಾರಣ ಅಂದರು.

ಬೆವರು ಆರಿದರೆ ತಾನೇ ಮೈ ತಣ್ಣಗಾಗೋದು? ಪಾಲಿಹೌಸಿನ ಗಾಳಿಯೇ ಒದ್ದೆ, ಅದರ ಮೇಲೆ ಈ ಕೋಟು. ಕೆಲಸದ ಜಾಗದ ಕಾವು ಅಳೆಯುವವರು ಹತ್ತಿ ಬಟ್ಟೆ ತೊಟ್ಟಿದ್ದರೆ ಅಳತೆಗೆ ಏನೂ ಸೇರಿಸೋದಿಲ್ಲ. ಆವಿ ಆಡದ ಇಂಥ ಕೋಟು ತೊಟ್ಟಿದ್ದರೆ ಅಳತೆಗೆ 11 ಡಿಗ್ರಿ ಸೇರಿಸುತ್ತಾರೆ. ಗೊತ್ತಾದಾಗ ನಾಚಿಕೆಯಾಯಿತು.

ಈಗ ಸ್ಪ್ರೇ ಬೆಳಿಗ್ಗೆ ಐದೂವರೆಗೆ ಶುರು, ಎಂಟಕ್ಕೆ ಬಂದ್. ಮೈಮೇಲೆ ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಪ್ಯಾಂಟು, ಕೈಗೆ ನೈಟ್ರೈಲ್ ರಬ್ಬರಿನ ಗ್ಲೌಸು. ಪಂಪು ಸೋರಿದರೆ ಒದ್ದೆಯಾಗೋದು ಬೆನ್ನು, ಅಲ್ಲಿಗೆ ಮಾತ್ರ ಪ್ಲಾಸ್ಟಿಕ್ ಹಾಳೆ. ಔಷಧಿ ಕಲಸುವಾಗ ಮುಂದೆ ಏಪ್ರನ್. ಅಂಗಿ ಔಷಧಿಯಲ್ಲಿ ನೆನೆದರೆ ತಕ್ಷಣ ಬದಲಾಯಿಸಬೇಕು, ಒದ್ದೆ ಹತ್ತಿ ವಿಷವನ್ನು ಮೈಗೇ ಅಂಟಿಸುತ್ತೆ. ಲೇಬಲ್ಲಿನಲ್ಲಿ ನೀರು ಇಳಿಯದ ಕೋಟೇ ಬೇಕು ಅಂತಿದ್ದರೆ ಆ ಔಷಧಿಯನ್ನೇ ತರೋದಿಲ್ಲ.

ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗೆ ಬಂದು, ಕೈ ಮುಖ ತೊಳೆದು, ಒಂದು ಲೋಟ ನೀರು. ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿಟ್ಟೆ. ಯಾರೂ ಮುಟ್ಟಲಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಇಟ್ಟರೆ ಮಾತ್ರ ಕ್ಯಾನು ಖಾಲಿ.

ಕಾವಿಗೆ ಮೈ ಒಗ್ಗಲಿ ಅಂತ ಹೊಸಬರಿಗೆ ಮೊದಲ ದಿನ ಒಳಗೆ ಐದರಲ್ಲೊಂದು ಪಾಲು ಹೊತ್ತು ಅಷ್ಟೇ, ಆಮೇಲೆ ದಿನಾ ಅಷ್ಟಷ್ಟು ಜಾಸ್ತಿ. ಕೂಲಿ ಪೂರ್ತಿ. ಅಕ್ಕಪಕ್ಕದವರು ನಗುತ್ತಾರೆ, ನಗಲಿ.

ಮಾಸ್ಕ್ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ನಾನು ಆ ಕಡೆ ತಿರುಗಿದರೆ ಸಾಕು, ಅದು ಗಲ್ಲಕ್ಕೆ ಇಳಿದಿರುತ್ತೆ.