ಬಣ್ಣದ ಗಾಜಿನ ಕಾರ್ಖಾನೆಯ ವ್ಯವಹಾರದ ಚರಿತ್ರೆ ಹುಡುಕುವ ಬಗೆ

ವಿಕ್ಟೋರಿಯಾ ಕಾಲದ ಲಂಡನ್ನಿನ ಬಣ್ಣದ ಗಾಜಿನ ಕಾರ್ಖಾನೆಗಳ ಬಗ್ಗೆ ಬರೆಯಹೊರಟವರು ಮೊದಲು ಚರ್ಚಿನ ಕಿಟಕಿ ನೋಡಲು ಹೊರಡುತ್ತಾರೆ. ವ್ಯವಹಾರದ ಚರಿತ್ರೆ ಬೇಕಿದ್ದರೆ ಕಿಟಕಿ ನೋಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಸ್ಮಾರಕ ಕಿಟಕಿಯ ಕೆಳಗಿರುವ ಇಸವಿ ಸಾಮಾನ್ಯವಾಗಿ ತೀರಿಕೊಂಡವರದು. ಗಾಜು ಕೂರಿಸಿದ್ದು ಅದಾಗಿ ಹಲವು ವರ್ಷಕ್ಕೆ ಇರಬಹುದು. ಚಿತ್ರ ಬರೆದವರು ಒಬ್ಬರು, ಗಾಜಿಗೆ ಬಣ್ಣ ಹಚ್ಚಿದವರು ಇನ್ನೊಬ್ಬರು, ಸೀಸದ ಪಟ್ಟಿಗೆ ಜೋಡಿಸಿದವರು ಮತ್ತೊಬ್ಬರು. ಬಂಡವಾಳ ಯಾರದು, ಸಾಲ ಯಾರ ತಲೆಗೆ ಬಂತು ಎಂಬುದನ್ನು ಕಾಗದಪತ್ರಗಳೇ ಹೇಳಬೇಕು.

ಮೊದಲ ಕೆಲಸ, ಹೆಸರಿನ ಸರಪಳಿ ಕಟ್ಟುವುದು. ಲೇವರ್ಸ್ ಮತ್ತು ಬರೋ ಎಂಬ ಸಂಸ್ಥೆಗೆ 1868ರಲ್ಲಿ ವೆಸ್ಟ್‌ಲೇಕ್ ಪಾಲುದಾರರಾಗಿ ಬಂದರು, ಬೋರ್ಡಿನ ಮೇಲೆ ಮೂರನೆಯ ಹೆಸರು ಸೇರಿತು. ಮಾರಿಸ್, ಮಾರ್ಷಲ್, ಫಾಕ್ನರ್ ಎಂದು 1861ರಲ್ಲಿ ಶುರುವಾದದ್ದು 1875ರಲ್ಲಿ ಮಾರಿಸ್ ಅಂಡ್ ಕಂಪನಿಯಾಯಿತು. ಹಳೆಯ ಹೆಸರು ಉಳಿದಿದೆ ಎಂದರೆ ಹಳೆಯ ಮಾಲೀಕರೇ ಇದ್ದಾರೆ ಎಂದೂ ಅಲ್ಲ. 1855ರಲ್ಲಿ ಹುಟ್ಟಿದ ಕ್ಲೇಟನ್ ಅಂಡ್ ಬೆಲ್ 1993ರವರೆಗೂ ಅದೇ ಹೆಸರಲ್ಲಿ ನಡೆಯಿತು. ಸ್ಥಾಪಕ ಬೆಲ್ ತೀರಿಕೊಂಡದ್ದು 1895ರಲ್ಲಿ, ಕ್ಲೇಟನ್ 1913ರಲ್ಲಿ. ಆದ್ದರಿಂದ ಸಂಸ್ಥೆಗೊಂದು, ಪ್ರತಿ ಪಾಲುದಾರರಿಗೊಂದು ಬೇರೆ ಹಾಳೆ ಇಟ್ಟುಕೊಳ್ಳಿ.

ಪಾಲುದಾರಿಕೆ ಮುರಿದ ದಿನ ಹುಡುಕಲು ಸರ್ಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್‌ನಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. ಅಂತರಜಾಲದಲ್ಲಿ ಉಚಿತವಾಗಿ ಓದಬಹುದು. ಕಾರ್ಖಾನೆಯ ಹೆಸರಿನ ಬದಲು ಇಬ್ಬರು ಪಾಲುದಾರರ ಮನೆತನದ ಹೆಸರು ಕೊಟ್ಟು, ಜೊತೆಗೆ ‘ಗ್ಲಾಸ್ ಸ್ಟೇನರ್ಸ್’ ಅಥವಾ ‘ಗ್ಲಾಸ್ ಪೇಂಟರ್ಸ್’ ಎಂದು ಇಂಗ್ಲಿಷಿನಲ್ಲೇ ಹಾಕಿ ಹುಡುಕಿ. ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತದೆ, ಹಾಗಾಗಿ ಒಂದೊಂದೇ ಹೆಸರಿಂದಲೂ ಪ್ರಯತ್ನಿಸಿ. ಪ್ರಕಟಣೆ ಸಿಕ್ಕರೆ ಕೊನೆಯ ಸಾಲನ್ನು ಬಿಡಬೇಡಿ: ಬರಬೇಕಾದ ಬಾಕಿ ವಸೂಲು ಮಾಡುವವರು, ಸಾಲ ತೀರಿಸುವವರು ಯಾರು ಎಂದು ಅಲ್ಲಿರುತ್ತದೆ. ವ್ಯವಹಾರ ಮುಂದುವರಿಸಿದವರು ಹೆಚ್ಚಾಗಿ ಅವರೇ. ದಿವಾಳಿಯ ನೋಟೀಸುಗಳೂ ಇದೇ ಪತ್ರಿಕೆಯಲ್ಲಿ ಬರುತ್ತಿದ್ದವು.

ವಿಳಾಸಕ್ಕೆ ಪೋಸ್ಟ್ ಆಫೀಸ್ ಲಂಡನ್ ಡೈರೆಕ್ಟರಿ ಎಂಬ ವಿಳಾಸಗಳ ಪುಸ್ತಕ ಇದೆ. ಲೆಸ್ಟರ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಂಥ ಹಲವು ಡೈರೆಕ್ಟರಿಗಳ ಪುಟಗಳು ಸಿಗುತ್ತವೆ. ಬೀದಿವಾರು, ಹೆಸರುವಾರು, ಕಸುಬುವಾರು, ಮೂರೂ ಪಟ್ಟಿ ನೋಡಿ. ಗಾಜಿನವರು ಕೆಲವೊಮ್ಮೆ ಪ್ಲಂಬರ್, ಗ್ಲೇಜಿಯರ್ (ಕಿಟಕಿಗೆ ಗಾಜು ಕೂರಿಸುವವರು) ಅಥವಾ ಅಲಂಕಾರದವರ ಪಟ್ಟಿಯಲ್ಲಿ ಅಡಗಿರುತ್ತಾರೆ. 1884ರ ಪುಸ್ತಕಕ್ಕೆ ಮಾಹಿತಿ ಕೂಡಿಸಿದ್ದು 1883ರಲ್ಲಿ, ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಾಗಿಲ ಸಂಖ್ಯೆ ಬದಲಾದ ಮಾತ್ರಕ್ಕೆ ‘ಸ್ಥಳಾಂತರ’ ಎಂದು ಬರೆದುಬಿಡುವುದು ಎಲ್ಲರೂ ಮಾಡುವ ತಪ್ಪು. 1855ರ ನಂತರ ಲಂಡನ್ನಿನ ಎಷ್ಟೋ ಬೀದಿಗಳಿಗೆ ಹೊಸ ಹೆಸರು, ಹೊಸ ಸಂಖ್ಯೆ ಬಂದವು. ಅಕ್ಕಪಕ್ಕದ ಅಂಗಡಿಯವರು ಎರಡೂ ವರ್ಷ ಅವರೇ ಇದ್ದರೆ ಕಟ್ಟಡ ಬದಲಾಗಿಲ್ಲ.

ಕಾರ್ಖಾನೆಯ ಗಾತ್ರಕ್ಕೆ 1851ರಿಂದ 1881ರವರೆಗಿನ ಜನಗಣತಿ ನೋಡಿ. ಆಳು, ಹುಡುಗರು ಎಷ್ಟು ಮಂದಿ ಎಂದು ಮಾಲೀಕರು ಅಲ್ಲಿ ಹೇಳಿರುತ್ತಾರೆ. ಇಬ್ಬರು ಪಾಲುದಾರರೂ ಒಂದೇ ಸಂಖ್ಯೆ ಕೊಟ್ಟಿದ್ದರೆ ಕೂಡಿಸಬೇಡಿ, ಅದು ಒಂದೇ ಕಾರ್ಖಾನೆಯ ಲೆಕ್ಕ. 1931ರ ಇಂಗ್ಲೆಂಡಿನ ಜನಗಣತಿ ಬೆಂಕಿಗೆ ಆಹುತಿಯಾಗಿದೆ, ಹುಡುಕಿ ಹೊತ್ತು ಕಳೆಯಬೇಡಿ. ಉಯಿಲಿನ ರಾಷ್ಟ್ರೀಯ ಪಟ್ಟಿ 1858ರಿಂದ ಇದೆ. ಸತ್ತ ವರ್ಷದಲ್ಲಿ ಸಿಗದಿದ್ದರೆ ಮುಂದಿನ ವರ್ಷಗಳಲ್ಲೂ ನೋಡಿ, ಪಟ್ಟಿ ಮಾಡಿರುವುದು ಉಯಿಲಿಗೆ ಮಂಜೂರಾತಿ ಸಿಕ್ಕ ವರ್ಷದ ಪ್ರಕಾರ. ಪಟ್ಟಿಯಲ್ಲಿ ಕೊಟ್ಟಿರುವ ಆಸ್ತಿಯ ಮೊತ್ತ 1898ಕ್ಕೆ ಮುಂಚಿನದಾದರೆ ಅದರಲ್ಲಿ ಸ್ವಂತ ಜಮೀನು, ಕಟ್ಟಡದ ಬೆಲೆ ಸೇರಿರುವುದಿಲ್ಲ. ಆ ಸಣ್ಣ ಅಂಕಿ ನೋಡಿ ಮಾಲೀಕರು ಬಡವರಾಗಿ ಸತ್ತರು ಎಂದು ಬರೆದರೆ ಅವರಿಗೆ ಅನ್ಯಾಯ.

ಲಂಡನ್ನಿನ ಕ್ಯೂ ಎಂಬಲ್ಲಿರುವ ಸರ್ಕಾರಿ ದಾಖಲೆಗಳ ಭಂಡಾರ ನ್ಯಾಷನಲ್ ಆರ್ಕೈವ್ಸ್‌ನ ಬಿಟಿ 31 ಸರಣಿಯಲ್ಲಿ ಮುಚ್ಚಿಹೋದ ಲಿಮಿಟೆಡ್ ಕಂಪನಿಗಳ ಕಡತಗಳಿವೆ: ಷೇರುದಾರರು, ಬಂಡವಾಳ, ನೋಂದಣಿಯ ವಿಳಾಸ. ಬರೀ ಪಾಲುದಾರಿಕೆಯಾಗಿ ಉಳಿದ ಸಂಸ್ಥೆ ಅಲ್ಲಿ ಸಿಗುವುದಿಲ್ಲ.

ಆರ್ಡರ್ ಪುಸ್ತಕ ಉಳಿದಿದ್ದರೆ ಅದು ನಿಜವಾದ ಭಾಗ್ಯ. 1834ರಲ್ಲಿ ಜೇಮ್ಸ್ ಪವೆಲ್ ಕೊಂಡ ವೈಟ್‌ಫ್ರಯರ್ಸ್ ಗಾಜಿನ ಕಾರ್ಖಾನೆಯ ಪುಸ್ತಕಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ಹಾರ್ಡ್‌ಮನ್ ಎಂಬ ಇನ್ನೊಂದು ಬಣ್ಣದ ಗಾಜಿನ ಸಂಸ್ಥೆಯವು ಬರ್ಮಿಂಗ್‌ಹ್ಯಾಮ್‌ನಲ್ಲಿ. ಓದುವ ಮುನ್ನ ಹಣದ ಲೆಕ್ಕ ಕಲಿಯಿರಿ: ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್, ಗಿನಿ ಎಂದರೆ 21 ಶಿಲಿಂಗ್. ಚದರ ಅಡಿಗೆ 30 ಶಿಲಿಂಗ್ ದರದಲ್ಲಿ 40 ಚದರ ಅಡಿ ಕಿಟಕಿ ಎಂದರೆ 60 ಪೌಂಡ್. ಆರ್ಡರ್ ಬಂದ ದಿನ, ಗಾಜು ಕಳಿಸಿದ ದಿನ, ಹಣ ಬಂದ ದಿನ ಮೂರನ್ನೂ ಬೇರೆಬೇರೆ ಬರೆದುಕೊಳ್ಳಿ. ಮೂರನೆಯದು ವರ್ಷದಿಂದ ವರ್ಷಕ್ಕೆ ತಡವಾಗುತ್ತಾ ಹೋದರೆ, ಸಂಸ್ಥೆಯ ಕಷ್ಟ ಶುರುವಾದದ್ದು ಎಲ್ಲಿ ಎಂದು ಅಲ್ಲೇ ತಿಳಿಯುತ್ತದೆ. ಬೆಂಗಳೂರು, ಮೈಸೂರಿನ ಚರ್ಚಿಗೆ ಬಂದ ಗಾಜು ಹುಡುಕುವವರು ಬ್ಯಾಂಗಲೋರ್, ಮೈಸೋರ್ ಎಂಬ ಹಳೆಯ ಕಾಗುಣಿತದ ಜೊತೆಗೆ ದಾನಿಯ ಹೆಸರು, ರೆಜಿಮೆಂಟಿನ ಹೆಸರಿನಡಿಯೂ ನೋಡಬೇಕು.

ಪುಸ್ತಕ ಉಳಿಯದಿದ್ದರೆ ಚರ್ಚಿನ ಕಡೆಯಿಂದ ಬನ್ನಿ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನಲ್ಲಿ ಕಿಟಕಿ ಬದಲಿಸಲು ಬಿಷಪ್ಪರ ವ್ಯಾಪ್ತಿಯ ಅನುಮತಿಪತ್ರ ಬೇಕು, ಅದಕ್ಕೆ ಫ್ಯಾಕಲ್ಟಿ ಎನ್ನುತ್ತಾರೆ. ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿ ಕೇಳಿದರೆ ನಕ್ಷೆ, ಅಂದಾಜು ವೆಚ್ಚ ಸಿಗುವುದುಂಟು. ಅನುಮತಿ ಪಡೆಯದೆ ಕೂರಿಸಿದ ಕಿಟಕಿಗಳೂ ಬೇಕಾದಷ್ಟಿವೆ, ಆದ್ದರಿಂದ ಕಾಗದ ಸಿಗಲಿಲ್ಲ ಎಂಬುದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ.

ಇಷ್ಟಾದ ಮೇಲೆ ದುರ್ಬೀನು ಹಿಡಿದು ಕಿಟಕಿಯ ಮುಂದೆ ನಿಲ್ಲಿ. ಕೆಲವು ಕಾರ್ಖಾನೆಗಳು ಗಾಜಿನ ಮೇಲೆ ತಮ್ಮ ಗುರುತು ಬಿಟ್ಟಿವೆ. ಚಾರ್ಲ್ಸ್ ಕೆಂಪ್ ಎಂಬವರ ಕಾರ್ಖಾನೆಯ ಗುರುತು ಗೋಧಿಯ ಹೊರೆ. 1907ರಲ್ಲಿ ಕೆಂಪ್ ತೀರಿಕೊಂಡು ಟವರ್ ಎಂಬ ಬಂಧು ವಹಿಸಿಕೊಂಡ ಮೇಲೆ ಅದೇ ಹೊರೆಯ ಮೇಲೆ ಪುಟ್ಟ ಕಪ್ಪು ಗೋಪುರ ಬಂತು. ಸಾಮಾನ್ಯವಾಗಿ ಅಂಚಿನಲ್ಲಿ, ಕೆಳಗಿನ ಮೂಲೆಯಲ್ಲಿ ನೋಡಿ.