ಮಾತು ಕಡಿಮೆ, ಕೈಗೆ ಕೆಲಸ: ಮಲ್ಲೇಶ್ವರದಲ್ಲಿ ನಾನು ಮಾಡಿದ ಕಿರುಚಿತ್ರ

ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವ ರಿಟೈರ್ಡ್ ಟೀಚರ್. ರಾಯಚೂರು ಕಡೆಯಿಂದ ಬಂದು ರಾತ್ರಿ ಪಾಳಿ ಮಾಡುವ ವಾಚ್‌ಮನ್. ಉಗ್ಗುತ್ತೇನೆಂದು ಮಾತೇ ಕಡಿಮೆ ಮಾಡಿಕೊಂಡ ಇಸ್ತ್ರಿ ಗಾಡಿಯ ಹುಡುಗ. ಈ ಮೂವರ ಸ್ನೇಹವೇ ನನ್ನ ಕಿರುಚಿತ್ರ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ ಚಿತ್ರೀಕರಿಸಿದೆವು.

ಇಂಥ ಕಥೆಯಲ್ಲಿ ಎಲ್ಲರೂ ತಮ್ಮ ನೋವು ಹೇಳಿಕೊಂಡು ಅತ್ತುಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು. ಒಂಟಿಯಾಗಿರುವವರು ಅಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ ಅಲ್ವಾ? ಅದಕ್ಕೇ ಪ್ರತಿ ದೃಶ್ಯದಲ್ಲೂ ಅವರ ಕೈಗೆ ಒಂದು ಕೆಲಸ ಕೊಟ್ಟೆ.

ಒಂದು ಬೆಳಿಗ್ಗೆ ಟೀಚರ್ ಗಂಡನ ಶರ್ಟುಗಳನ್ನು ಇಸ್ತ್ರಿಗೆ ತರುತ್ತಾರೆ. ಪಾಳಿ ಮುಗಿಸಿ ಬಂದ ವಾಚ್‌ಮನ್ ಸ್ಟೂಲು ಒರೆಸಿ, "ಕುಂದರ್ರಿ ಅವ್ವಾರ" ಅನ್ನುತ್ತಾನೆ. ಹುಡುಗ ಪೆಟ್ಟಿಗೆಯ ಕೆಂಡದ ಬೂದಿ ಊದುತ್ತಾನೆ, ಕಾಲರಿಗೆ ನೀರು ಚಿಮುಕಿಸುತ್ತಾನೆ, ಸವೆದ ಅಂಚಿನ ಮೇಲೆ ನಿಧಾನವಾಗಿ ತೀಡುತ್ತಾನೆ. ವಾಚ್‌ಮನ್ ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟುತ್ತಾನೆ. ಯಾರ ಬಟ್ಟೆ ಅಂತ ಯಾರೂ ಕೇಳುವುದಿಲ್ಲ. ಟೀಚರ್ ಪರ್ಸ್ ತೆಗೆದಾಗ ಹುಡುಗ, "ನಾಳೆ ಕೊಡಿ ಅಮ್ಮಾ" ಅನ್ನುತ್ತಾನೆ. ಅಷ್ಟೇ ಮಾತು. ಅಲ್ಲಿಯವರೆಗೆ ಮೂವರಿಗೂ ಬೇರೆ ಬೇರೆ ಶಾಟ್ ಇಟ್ಟಿದ್ದೆ. ಒಂದೇ ಫ್ರೇಮಿಗೆ ಅವರು ಬರುವುದು ಇಲ್ಲೇ ಮೊದಲು. ಮಧ್ಯೆ ಕಟ್ ಇಲ್ಲ, ಸಂಗೀತವೂ ಇಲ್ಲ. ನನಗೆ ಇಡೀ ಚಿತ್ರದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಮಾತು ಕಡಿಮೆ ಇದ್ದಷ್ಟೂ ಸೌಂಡಿನ ಕೆಲಸ ಜಾಸ್ತಿ. ಡಬ್ಬಿಂಗ್ ಬೇಡ, ಅಲ್ಲೇ ರೆಕಾರ್ಡ್ ಮಾಡೋಣ ಅಂತ ಮೊದಲೇ ತೀರ್ಮಾನಿಸಿದ್ದೆವು. ನೀರಿನ ಟ್ಯಾಂಕರ್, ಕುಕ್ಕರ್ ವಿಷಲ್, ಹಾರ್ನ್ ಶುರುವಾಗುವ ಮುಂಚೆ, ಬೆಳಕು ಹರಿಯುತ್ತಿದ್ದಂತೆ ಕೆಲಸ ಆರಂಭ. ಟೀಚರ್ ಮನೆಯೊಳಗಿನ ದೃಶ್ಯಕ್ಕೆ ಫ್ರಿಜ್ ಆಫ್ ಮಾಡಿ, ಕಾರಿನ ಕೀಲಿಯನ್ನು ಅದರೊಳಗೇ ಇಡುತ್ತಿದ್ದೆ. ಮತ್ತೆ ಆನ್ ಮಾಡದೆ ಮನೆಗೆ ಹೋಗಲು ಆಗುವುದಿಲ್ಲ! ಪ್ರತಿ ಜಾಗದಲ್ಲೂ ಎಲ್ಲರೂ ಅಲ್ಲಾಡದೆ ನಿಂತು, ಒಂದು ನಿಮಿಷ ಅಲ್ಲಿನ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಂಡೆವು. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ಬಿಡುವಿಗೆ ಇದನ್ನೇ ತುಂಬಬೇಕು. ಪೂರ್ತಿ ಸದ್ದಿಲ್ಲದಿದ್ದರೆ ನೋಡುವವರಿಗೆ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ.

ವಾಚ್‌ಮನ್ ಕೋಣೆಗೆ ಅಲ್ಲಿದ್ದ ಹಳೇ ಟ್ಯೂಬ್‌ಲೈಟೇ ಸಾಕಾಯಿತು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ಶೂಟ್ ಮಾಡುವಾಗ ಶಟರ್ (ಪ್ರತಿ ಫ್ರೇಮಿಗೆ ಕ್ಯಾಮೆರಾ ಬೆಳಕು ತೆಗೆದುಕೊಳ್ಳುವ ಸಮಯ) 1/48 ಸೆಕೆಂಡ್ ಇದ್ದರೆ ಚಿತ್ರ ಮಿಣುಕಬಹುದು. 1/50ಕ್ಕೆ ಇಟ್ಟುಕೊಳ್ಳಿ, ಆಗ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತದೆ.